ಒಣಗದ ಮಡಿ ಸೀರೆ

ಬೆಳಿಗ್ಗೆ ಎದ್ದು ಹಿತ್ತಲು ಗುಡಿಸಿದೆ. ಬಾವಿಯಿಂದ ನೀರು ಸೇದಿ ಹಂಡೆ ತುಂಬಿದೆ. ತಲೆಯ ಮೇಲೆ ತಣ್ಣೀರು ಹಾಕಿಕೊಂಡು, ಸೀರೆ ತೊಯಿಸಿ, ಹಿಂಡಿ, ಜಾಡಿಸಿ, ಹಾಗೇ ಉಟ್ಟೆ. ಒಲೆ ಸಾರಿಸಿ ಹಚ್ಚಿದೆ. ಕಡಲೆಬೇಳೆ ಕುದಿಯಲಿಟ್ಟು ಬತ್ತಿ ಹೊಸೆದೆ, ಬೆಲ್ಲ ಕುಟ್ಟಿದೆ, ಕೊಬ್ಬರಿ ಹೆರೆದೆ, ಸೌತೆಕಾಯಿ ಕೊಚ್ಚಿದೆ. ಬೇಳೆ ಬಸಿದು ಕಟ್ಟು ತೆಗೆದಿಟ್ಟೆ. ಹೂರಣ ರುಬ್ಬಿದೆ. ಅಷ್ಟರಲ್ಲಿ ತಮ್ಮನ ಹೆಂಡತಿ ಕಣಕ ನಾದಿ ಮುಗಿಸಿ ಎದ್ದಳು. ಅವಳು ಕೂತಿದ್ದ ಮಣೆಯನ್ನು ಗೋಡೆಗೆ ಸರಿಸೋಣವೆಂದು ಬಗ್ಗಿ ನೆಲದ ಫರಸಿ ಕಲ್ಲಿಗೆ ಅಂಗೈ ಊರಿದೆ. ಫರಸಿ ಒದ್ದೆ ಇತ್ತು. ಬೆಚ್ಚಗಿತ್ತು.

ನವರಾತ್ರಿಯಲ್ಲಿ ಇಂಡಿ ಊರಿನ ನಮ್ಮ ಅಡಿಗೆಮನೆಯ ನೆಲ ಒದ್ದೆ ಇರುವುದು ಹೊಸದಲ್ಲ. ಬೇರೆ ಮನೆಗಳಲ್ಲಿ ಹಿಂದಿನ ದಿನ ತೊಳೆದು, ಯಾರೂ ಮುಟ್ಟದ ಹಾಗೆ ಮೇಲೆ ಗಳಕ್ಕೆ ಹಾಕಿ ಒಣಗಿಸಿದ ಸೀರೆ ಮಡಿಗೆ ನಡೆಯುತ್ತದೆ. ನಮ್ಮ ಅವ್ವನಿಗೆ ನಡೆಯುವುದಿಲ್ಲ. ಗಾಳಿಯಲ್ಲಿ ಏನೇನು ಹಾರಿ ಬರುತ್ತದೋ ಯಾರು ಬಲ್ಲರು ಅನ್ನುತ್ತಾಳೆ. ಘಟ್ಟ ಹಾಕಿದ ಮೇಲೆ, ಅಂದರೆ ದೇವರ ಮುಂದೆ ಮಣ್ಣಿನಲ್ಲಿ ಕಾಳು ಬಿತ್ತಿ ದೀಪ ಹಚ್ಚಿಟ್ಟ ಮೇಲೆ, ಅದನ್ನು ಎತ್ತುವ ದಸರೆಯವರೆಗೂ ಹಸಿ ಮಡಿಯೇ ಆಗಬೇಕು. ತೊಯಿಸಿದ ಸೀರೆಯನ್ನು ಹಿಂಡಿ ಮೈಮೇಲೆಯೇ ಒಣಗಿಸಬೇಕು. ಒಲೆಯ ಮುಂದೆ ಕೂತರೆ ಮೊದಲು ಸೆರಗು ಒಣಗುತ್ತದೆ, ಆಮೇಲೆ ಮೊಣಕಾಲು, ಕಡೆಗೆ ಸೊಂಟದ ಗಂಟು. ಗಂಡ ತೀರಿ ಈ ತವರಿಗೆ ಬಂದ ಮೇಲೆ ಎಷ್ಟೋ ನವರಾತ್ರಿ ಹೀಗೆ ಒಣಗಿದ್ದೇನೆ. ಆ ನೀರು ಬೆಚ್ಚಗಾಗುವುದಿಲ್ಲ. ನೆಲಕ್ಕೆ ಇಳಿಯುವುದು ಯಾವಾಗಲೂ ತಣ್ಣಗೇ ಇರುತ್ತದೆ.

ತಮ್ಮನ ಮದುವೆ ತಡವಾಗಿ ಆದದ್ದು. ಮುದ್ದೇಬಿಹಾಳದ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಅಲ್ಲೇ ಕೋಣೆ ಹಿಡಿದಿದ್ದಾನೆ, ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗಾಗುವ ಮುಂಚೆ ಹೋಗುತ್ತಾನೆ. ಹೆಂಡತಿಯನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಅವ್ವನಿಗೆ ಮನೆಯಲ್ಲಿ ಒಬ್ಬ ಮುತ್ತೈದೆ ಬೇಕಾಗಿತ್ತು. ಅವ್ವನೂ ವಿಧವೆ, ನಾನೂ ವಿಧವೆ. ದೇವಿಗೆ ಅರಿಷಿಣ ಕುಂಕುಮ ಏರಿಸುವ ಕೈ, ನೈವೇದ್ಯದ ಹೋಳಿಗೆ ತಟ್ಟುವ ಕೈ, ಇವಕ್ಕೆ ಬಸವನ ಬಾಗೇವಾಡಿಯಿಂದ ಆ ಹುಡುಗಿಯನ್ನು ತಂದಿದ್ದರು. ಹುಡುಗಿ ಅಂದರೆ ಹುಡುಗಿಯೇ. ನನ್ನ ಮಗಳಾಗುವ ವಯಸ್ಸು. ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ಯಾಕೆಂದರೆ ಬಂದ ಹೊಸದರಲ್ಲೇ ಅವ್ವ ಅವಳ ಹಲ್ಲಿನ ಬಗ್ಗೆ ಒಂದು ಮಾತು ಆಡಿದ್ದಳು.

ಬಸುರಾಗಿ ಐದು ತಿಂಗಳು ತುಂಬಿದ ಮೇಲೆ ಅವಳಿಗೆ ಬಿಳಿ ಹೋಗಲು ಶುರುವಾಯಿತು. ಬಸುರಿಯರಿಗೆ ಸ್ವಲ್ಪ ಇರುವುದೇ. ಇದು ಹಾಗಲ್ಲ. ಹಸಿರು ಬಣ್ಣ ತಿರುಗಿತ್ತು, ವಾಸನೆ ಇತ್ತು, ಉರಿ, ತುರಿಕೆ. ಬಟ್ಟೆ ಒಗೆಯುವಾಗ ನಾನೇ ನೋಡಿದೆ, ಅವ್ವನಿಗೆ ಹೇಳಿದವಳೂ ನಾನೇ. ಅವ್ವ ಹವೀಜ, ಅಂದರೆ ಕೊತ್ತಂಬರಿ ಬೀಜ ನೆನೆಹಾಕಿದ ನೀರು ಕುಡಿಸಲು ಹೇಳಿದಳು, ಉಷ್ಣವಂತೆ. ಮೇಲೆ ಕ್ಷೌರದವರು ಗದ್ದಕ್ಕೆ ತಿಕ್ಕುತ್ತಾರಲ್ಲ, ಆ ಪಟಿಕವನ್ನು ಬಿಸಿನೀರಿನಲ್ಲಿ ಕದಡಿ ಕೊಟ್ಟಳು.

"ಒಳತನಕ ತೊಳಕೋ. ಹೊಲಸು ಇಟಗೊಂಡು ನನ್ನ ಒಲಿ ಮುಂದ ಬರಬ್ಯಾಡ."

ದಿನಾ ಬೆಳಿಗ್ಗೆ, ದಿನಾ ಸಂಜೆ. ಅವಳು ಬಚ್ಚಲಿನಿಂದ ಬರುವಾಗ ಗೋಡೆ ಹಿಡಿದು ಬರುತ್ತಿದ್ದಳು. ನೆರೆಯವರ ಮುಂದೆ ಅವ್ವ ನಗಾಡುತ್ತಿದ್ದಳು: "ಮಂದಿ ಸೊಸ್ಯಾರು ತವರಿಂದ ಹಂಡೆ ತಂದ್ರು, ಪಾತೇಲಿ ತಂದ್ರು. ನಮ್ಮಾಕಿ ಬಾಗೇವಾಡಿಂದ ಏನ್ ಬಳುವಳಿ ತಂದಾಳ ನೋಡ್ರಿ, ದಿನಾ ತೊಳದ್ರೂ ಮುಗೀವಲ್ಲತು."

ನೆರೆಯವರೂ ನಕ್ಕರು. ಹುಡುಗಿ ಒಳಗೆ ಅಕ್ಕಿ ಆರಿಸುತ್ತಿದ್ದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸತೊಡಗಿದಳು.

ಒಂದು ದಿನ ಅವ್ವ ಪುರಾಣ ಕೇಳಲು ಹೋದಾಗ ನಾನು ಅವಳನ್ನು ಬಸ್ ನಿಲ್ದಾಣದ ಕಡೆಯ ಹೆಣ್ಣು ಡಾಕ್ಟರು, ಎಲ್ಲರೂ ಡಾಕ್ಟರ್ ಬಾಯಿ ಅನ್ನುವವರ ಹತ್ತಿರ ಕರೆದುಕೊಂಡು ಹೋದೆ. ಸಿಂದಗಿ ಕಡೆಯವರು, ಮಾತು ಜೋರು, ಕೈ ಮೆತ್ತಗೆ. ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು ಬಂದು ಕೂತರು.

"ಇದು ಉಷ್ಣ ಅಲ್ರಿ, ನಂಜು. ಯಾವಾಗಿಂದ ಐತಿ? ಇಷ್ಟ ದಿನಾ ಏನ್ ಮಾಡಿದ್ರಿ?"

ಪಟಿಕದ ನೀರಿನ ವಿಷಯ ನಾನು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದನ್ನ ಇವತ್ತಿಗೆ ಬಂದ್ ಮಾಡ್ರಿ. ಒಳಗ ಏನೂ ಹಾಕಿ ತೊಳೀಬಾರದು. ಕೇಳವಾ ತಂಗಿ, ಕೂಸಿನ ಸುತ್ತ ನೀರಿನ ಚೀಲ ಇರತೈತಿ. ಕೆಳಗಿನ ನಂಜು ಮ್ಯಾಲ ಏರಿದ್ರ ಆ ಚೀಲದ ಪದರಾ ಮೆತ್ತಗಾಗತೈತಿ, ದಿನಾ ತುಂಬೂಕ್ಕಿಂತ ಮೊದಲ ಒಡದು ನೀರು ಹೋಗಬಹುದು. ಎಲ್ಲಾರಿಗೂ ಹಂಗ ಆಗತೈತಿ ಅನ್ನಂಗಿಲ್ಲ. ಆದ್ರ ನಂಜ ಹಂಗ ಬಿಟ್ರ ಅಂಜಿಕಿ ಹೆಚ್ಚು. ಗುಳಗಿ ಬರದೇನಿ. ನೀನೂ ತಗೋಬೇಕು, ನಿಮ್ಮ ಯಜಮಾನ್ರೂ ತಗೋಬೇಕು. ಒಬ್ಬರ ತಗೊಂಡ್ರ ತಿರಿಗಿ ಬರತೈತಿ. ಒಣಾ ಅರಿವಿ ಉಡು. ನೀರು ಸೋರಿದಂಗ ಆತಂದ್ರ ಬ್ಯಾನಿ ಬರಲಿ ಅಂತ ಕಾಯಬ್ಯಾಡ್ರಿ, ಇದ್ದಂಗ ಎದ್ದು ಬರ್ರಿ."

ನಾನು ತಲೆ ಅಲ್ಲಾಡಿಸಿದೆ. ಹುಡುಗಿ ಕೇಳಿದ್ದು ಒಂದೇ: "ಅವರಿಗೆ ಯಾಕ್ರಿ ಗುಳಗಿ?"

ಡಾಕ್ಟರ್ ಬಾಯಿ ಅವಳ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ಈ ನಂಜು ಇಬ್ಬರ ನಡುವ ಓಡ್ಯಾಡತೈತವಾ. ಗಂಡಸರಿಗೆ ತ್ರಾಸ ಇರಂಗಿಲ್ಲ, ಅದಕ್ಕ ಗೊತ್ತಾಗಂಗಿಲ್ಲ," ಅಂದರು.

ಅವಳು ಗುಳಿಗೆ ತೆಗೆದುಕೊಂಡಳು. ಅವ್ವನ ಕಣ್ಣು ತಪ್ಪಿಸಿ ನಾನೇ ಎಣ್ಣೆ ಡಬ್ಬಿಯ ಹಿಂದೆ ಇಟ್ಟು, ಊಟವಾದ ಮೇಲೆ ಕೊಡುತ್ತಿದ್ದೆ. ಉರಿ ಇಳಿಯಿತು. ಒಂದು ವಾರ ಹುಡುಗಿ ಸೊಂಟ ನೆಟ್ಟಗೆ ಮಾಡಿ ನಡೆದಳು. ಶನಿವಾರ ತಮ್ಮ ಬಂದ. ಪಡಸಾಲೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದಾಗ ಅವಳು ಅವನ ಪಾಲಿನ ಗುಳಿಗೆಯನ್ನು ನೀರಿನ ಲೋಟದ ಪಕ್ಕ ಇಟ್ಟಳು, ಡಾಕ್ಟರು ಹೇಳಿದ್ದನ್ನು ಹೇಳಿದಳು. ನಾನು ನಡುಮನೆಯಲ್ಲಿ ಹಾಸಿಗೆ ಬಿಡಿಸುತ್ತಿದ್ದೆ.

"ನನಗೇನ್ ಆಗ್ಯದ?" ಅಂದ ತಮ್ಮ.

"ನಿಮಗೂ ಕೊಡಬೇಕಂತ ಅಂದ್ರು."

"ಯಾರ ಮುಂದ ಕೂತು ಏನೇನ್ ಹೇಳಿಸ್ಕೊಂಡ್ ಬಂದಿ? ನಾ ವಾರಕ್ಕೊಮ್ಮೆ ಬರಾಂವ. ಉಳದ ದಿನಾ ಈ ಊರಾಗ ಇರಾಕಿ ನೀನು. ಇದು ಎಲ್ಲಿಂದ ಬಂತು ಅಂತ ನಾ ನಿನ್ನ ಕೇಳಬೇಕು. ನೀ ನನಗ ಗುಳಗಿ ಕೊಡ್ತಿ?"

ಅವನು ಅವಲಕ್ಕಿ ಮುಗಿಸಿ, ಗುಳಿಗೆಯನ್ನು ತಟ್ಟೆಯೊಳಗೆ ಹಾಕಿ, ಅದರ ಮೇಲೆ ಕೈ ತೊಳೆದ. ಆ ತಟ್ಟೆಯನ್ನು ಅವಳೇ ಎತ್ತಿಕೊಂಡು ಹೋಗಿ ಬೆಳಗಿದಳು. ಅವ್ವ ಮೂಲೆಯಲ್ಲಿ ಜಪಮಣಿ ಎಣಿಸುತ್ತ, "ಕೇಳಿದ್ಯಾ?" ಅಂದಳು ನನಗೆ, "ಶಾಣ್ಯಾ ಇದ್ದಾನ ನನ್ನ ಮಗ." ರಾತ್ರಿ ಎಂದಿನಂತೆ ಅವ್ವ ಹುಡುಗಿಯನ್ನು ಅವನ ಕೋಣೆಗೆ ಕಳಿಸಿದಳು. ಸೋಮವಾರ ಅವನು ಹೋದ. ಮುಂದಿನ ವಾರದೊಳಗೆ ಅವಳು ಮತ್ತೆ ಗೋಡೆ ಹಿಡಿದು ನಡೆಯತೊಡಗಿದಳು. ಡಾಕ್ಟರ್ ಬಾಯಿಯ ಹತ್ತಿರ ಹೋಗೋಣ ಬಾ ಅಂದರೆ ಕೈ ಮುಗಿದಳು: "ಬ್ಯಾಡ ಅಕ್ಕಾ. ಮತ್ತ ಅದನ್ನೇ ಹೇಳ್ತಾರ. ಮತ್ತ ಅವರು ಅದನ್ನೇ ಕೇಳ್ತಾರ."

ಅಷ್ಟರಲ್ಲಿ ನವರಾತ್ರಿ ಬಂತು. ಏಳು ತಿಂಗಳಿಗೆ ಬಿದ್ದ ಬಸುರಿ ನಮ್ಮಲ್ಲಿ ಮಡಿ ಅಡಿಗೆಗೆ ಬರುವುದಿಲ್ಲ. ಡಾಕ್ಟರರ ಲೆಕ್ಕದಲ್ಲಿ ಅವಳಿಗೆ ಏಳು ಆಗಲೇ ಬಿದ್ದಿತ್ತು. ಅವ್ವನ ಲೆಕ್ಕ ಬೇರೆ. ಬೆರಳು ಮಡಚಿ, ಬಿಡಿಸಿ, ಮತ್ತೆ ಮಡಚಿ, "ದಸರಾ ಆದ ಮ್ಯಾಲೆ ಏಳಕ್ಕ ಬೀಳ್ತದ. ಅಲ್ಲೀತನಕ ಆರೇ," ಅಂದಳು. ಇದ್ದೊಬ್ಬ ಮುತ್ತೈದೆಯನ್ನು ದೇವಿಯ ಹೋಳಿಗೆಯಿಂದ ಬಿಡಿಸಲು ಆಕೆ ತಯಾರಿರಲಿಲ್ಲ.

"ಅವ್ವಾ, ಆಕಿಗೆ ಒಣಾ ಸೀರಿ ಉಡಬೇಕಂತ ಹೇಳ್ಯಾರ," ಅಂದೆ ನಾನು.

"ಯಾರು ಹೇಳ್ಯಾರ?"

ಡಾಕ್ಟರರ ಹೆಸರು ಎತ್ತಿದೆ.

"ಮಡಿಯೇನೋ ಮೈಲಿಗ್ಯೇನೋ ತಿಳೀದ ಡಾಕ್ಟರರಿಗೆ ನಮ್ಮ ದೇವರ ಮನಿ ಗೊತ್ತೇನು? ನಾ ನಿಮ್ಮಿಬ್ಬರನ್ನೂ ಹಸಿ ಸೀರಿ ಉಟ್ಟೇ ಹಡದೀನಿ. ನಿನಗೇನ್ ಆಗ್ಯದ? ಗುಂಡಕಲ್ಲಿನಂಗ ಇದ್ದಿ."

ಹೀಗೆ ಅವಳೂ ನನ್ನ ಜೊತೆ ದಿನಾ ಬೆಳಿಗ್ಗೆ ತೊಯ್ದ ಸೀರೆ ಉಟ್ಟಳು. ಕೆಳಗೆ ಹಳೇ ಬಟ್ಟೆಯ ಮಡಿಕೆ, ಅದೂ ಒದ್ದೆ. ತಮ್ಮನಿಗೆ ಕಾಲೇಜಿನ ರಜೆ. ಘಟ್ಟದ ಮುಂದೆ ಸಂಕಲ್ಪ ಮಾಡಿ ಪಾರಾಯಣಕ್ಕೆ ಕೂತಿದ್ದ. ಅದು ಮುಗಿಯುವವರೆಗೆ ಮಾತಿಲ್ಲ.

ಅಂಥ ಒಂದು ಬೆಳಿಗ್ಗೆಯೇ ನಾನು ಫರಸಿಗೆ ಅಂಗೈ ಊರಿದ್ದು.

ಮೊದಲು ನನ್ನ ಸೀರೆ ಮುಟ್ಟಿ ನೋಡಿಕೊಂಡೆ. ಮೊಣಕಾಲಿನವರೆಗೆ ಒಣಗಿತ್ತು. ಇಬ್ಬರೂ ಒಂದೇ ಬಾವಿಯ ಕಟ್ಟೆಯಲ್ಲಿ, ಒಂದೇ ಹೊತ್ತಿಗೆ ಹಿಂಡಿ ಉಟ್ಟಿದ್ದೆವು, ಒಂದೇ ಒಲೆಯ ಮುಂದೆ ಕೂತಿದ್ದೆವು. ಅವಳ ಸೆರಗು ಒಣಗಿ ಗರಿಗರಿ ಇತ್ತು. ಸೊಂಟದಿಂದ ಕೆಳಗೆ ನಿರಿಗೆಗಳು ಕಾಲಿಗೆ ಅಂಟಿದ್ದವು, ಅಂಚಿನಿಂದ ತೊಟ್ಟಿಕ್ಕುತ್ತಿತ್ತು.

"ಯಾವಾಗಿಂದ?" ಅಂದೆ.

"ಏನು ಅಕ್ಕಾ?"

"ಈ ನೀರು."

ಅವಳು ಕೆಳಗೆ ನೋಡಿಕೊಂಡಳು. "ನಿನ್ನಿಯಿಂದನ ಹಿಂಗ ಅದ. ನಾ ಸೀರಿ ಸರೀ ಹಿಂಡಿಲ್ಲಂತ ತಿಳಕೊಂಡಿದ್ದೆ. ಅತ್ಯಾನೂ ಹಂಗ ಅಂದ್ರು."

ಹೌದು, ಅಂದಿದ್ದಳು. ಹಿಂದಿನ ದಿನ ಮಧ್ಯಾಹ್ನ ನನ್ನ ಎದುರಿಗೇ ಅವ್ವ ಅವಳ ಕಾಲಿನ ಕೆಳಗಿನ ನೀರು ತೋರಿಸಿ, "ಒಂದು ಸೀರಿ ಹಿಂಡೂದು ಕಲಿಸಿಲ್ಲ ಅವ್ವ ಆದಾಕಿ. ಎಮ್ಮಿ ಕೆರಿಯಿಂದ ಎದ್ದು ಬಂದಂಗ ಬರ್ತಾಳ," ಅಂದಿದ್ದಳು. ಹುಡುಗಿ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು ಕೂಡ.

ನಾನು ಒಲೆಯ ಕಟ್ಟಿಗೆ ಹೊರಗೆಳೆದೆ. ಅವಳ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದು, ಆ ಸೀರೆ ಬಿಚ್ಚಿಸಿ, ಹಗ್ಗದ ಮೇಲೆ ಎಸೆದು, ನನ್ನ ಪೆಟ್ಟಿಗೆಯ ಒಣ ಸೀರೆ ಉಡಿಸಿದೆ. ಉಡಿಸುತ್ತಿದ್ದಂತೆ ಅದರ ಹಿಂಬದಿ ತೊಯ್ದಿತು. ಆಗ ನನಗೆ ಏನೂ ಸಂಶಯ ಉಳಿಯಲಿಲ್ಲ. ಅವಳ ಮೈ ಬಿಸಿ ಇತ್ತು, ಒಲೆಯ ಬಿಸಿ ಅಂದುಕೊಂಡಿದ್ದೆವು.

ಅವ್ವ ಬಾಗಿಲಲ್ಲಿ ಬಂದು ನಿಂತಳು. "ಹೋಳಿಗಿ ಯಾರು ತಟ್ಟಾವರು?"

"ಅವ್ವಾ, ನೀರು ಹೋಗ್ಯದ. ನಿನ್ನಿಯಿಂದ ಹೋಗಲಿಕ್ಕ ಹತ್ಯದ. ದವಾಖಾನಿಗೆ ಹೋಗಬೇಕು."

"ನೈವೇದ್ಯ ಆಗಲಿ. ಒಂದು ತಾಸಿನಾಗ ಏನ್ ಆಗ್ತದ?"

ನಾನು ದೇವರ ಮನೆಯ ಹೊಸ್ತಿಲಿಗೆ ಹೋಗಿ ನಿಂತೆ. ತಮ್ಮ ಓದುತ್ತಿದ್ದ. ಎಲ್ಲ ಹೇಳಿದೆ. ಅವನು ಪುಟದ ಮೇಲೆ ಬೆರಳಿಟ್ಟು ಕೇಳಿಸಿಕೊಂಡ. ಎದ್ದೇಳುವನೇನೋ ಅನಿಸಿತು. ಅವ್ವ ನನ್ನ ಹಿಂದಿನಿಂದ ಅಂದಳು: "ಹಡದ ಸುದ್ದಿ ಕೇಳಿದ್ರ ಪುರುಡು, ಹೋದ ಸುದ್ದಿ ಕೇಳಿದ್ರ ಸೂತಕ. ಕಿವಿಗೆ ಬಿದ್ದ ಹೊತ್ತಿನಿಂದ ಹಿಡೀತದ. ನಡುವ ಘಟ್ಟ ಕೆಡ್ತಾವ. ನಿಮ್ಮಪ್ಪ ತೀರಿಕೊಂಡ ವರ್ಷ ಸೈತ ನಮ್ಮ ಘಟ್ಟ ಕೆಟ್ಟಿಲ್ಲ. ನೀ ಏಳಬ್ಯಾಡ." ಆಮೇಲೆ ನನ್ನ ಕಡೆ ತಿರುಗಿದಳು. "ನೀ ಕೊಟ್ಟ ಮಗಳು, ಬ್ಯಾರೆ ಗೋತ್ರದಾಕಿ. ನಿನಗ ಅಂಟಂಗಿಲ್ಲ. ನೀ ಹೋಗು. ಆದ್ರ ಘಟ್ಟ ಏಳೂತನಕ ಅಲ್ಲಿದೊಂದು ಮಾತು ಈ ಮನಿಗೆ ತರಬ್ಯಾಡ."

ತಮ್ಮ ನನ್ನತ್ತ ನೋಡಿ, ಹೋಗಿ ಬಾ ಅನ್ನುವಂತೆ ಕೈ ಎತ್ತಿದ. ಬೆರಳು ಪುಟದ ಮೇಲೆಯೇ ಇತ್ತು. ಮತ್ತೆ ಓದು ಶುರುವಾಯಿತು.

ಆಟೋದಲ್ಲಿ ಹುಡುಗಿ ನನ್ನ ತೋಳಿಗೆ ಒರಗಿ, "ಹೋಳಿಗಿ ಕಣಕ ಮುಚ್ಚಿಟ್ಟಿಲ್ಲ ಅಕ್ಕಾ, ಒಣಗ್ತದ," ಅಂದಳು.

ಡಾಕ್ಟರ್ ಬಾಯಿ ನಮ್ಮನ್ನು ನೋಡಿದವರೇ ಒಳಗೆ ಕರೆದೊಯ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಂಜು ಒಳಗೆ ಹೋಗಿದೆ, ಜ್ವರ ಬಂದಿದೆ, ಕೂಸು ಇನ್ನೂ ಎಳೆಯದು, ಇಲ್ಲಿ ಅದಕ್ಕೆ ಗಾಜಿನ ಪೆಟ್ಟಿಗೆ ಇಲ್ಲ ಅಂದರು. ಕೂಸಿನ ಪುಪ್ಪುಸ ಗಟ್ಟಿಯಾಗಲು ಅಂತ ಒಂದು ಸೂಜಿ, ನಂಜಿಗೆ ಒಂದು ಸೂಜಿ ಚುಚ್ಚಿ, ಗಾಡಿ ಕರೆಸಿ ವಿಜಯಪುರದ ದೊಡ್ಡ ದವಾಖಾನೆಗೆ ಕಳಿಸಿದರು. ಗಾಡಿ ಹೊರಡುವಾಗ ಕಿಟಕಿಯ ಹತ್ತಿರ ಬಂದು, "ಯಜಮಾನ್ರು ಗುಳಗಿ ತಗೊಂಡ್ರೇನು?" ಅಂತ ಕೇಳಿದರು. ಹುಡುಗಿ ಕಣ್ಣು ಮುಚ್ಚಿಕೊಂಡಳು. ಅವರು ಕಿಟಕಿಯಿಂದ ಕೈ ತೆಗೆದರು.

ದೊಡ್ಡ ದವಾಖಾನೆಯ ಹೆರಿಗೆ ವಾರ್ಡಿನಲ್ಲಿ ಒಬ್ಬ ನರ್ಸಬಾಯಿ ಇದ್ದಳು, ಹೊರ್ತಿ ಕಡೆಯವಳು, ದಪ್ಪ ದನಿ.

"ಏನ್ರಿ ದೊಡ್ಡವರ, ನೀರ ಹೋಗಿ ಒಂದ ದಿನಾ ಆದ ಮ್ಯಾಲ ತರಾಕತ್ತೀರಿ? ಗಡಗಿ ಸೋರಿದ್ರ ಗೊತ್ತಾಕ್ಕೈತಿ, ಹೊಟ್ಟಿ ಸೋರಿದ್ರ ಗೊತ್ತಾಗಂಗಿಲ್ಲೇನು?"

"ತೊಯ್ದ ಸೀರಿ ಉಟ್ಟಿದ್ವಿ," ಅಂದೆ. "ಮಡಿ."

"ಮಳಿ ಬಂದಿತ್ತೇನು?"

"ಇಲ್ಲ. ಮಡಿಗೆ ತೊಯಿಸೇ ಉಡ್ತೀವಿ."

ಅವಳು ಹುಡುಗಿಯ ಕೈಯಲ್ಲಿ ರಕ್ತನಾಳ ಹುಡುಕುತ್ತಿದ್ದವಳು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬಸರ ಹೆಣಮಗಳಿಗೆ? ತಂಪನ್ಯಾಗ? ನಮ್ಮೂರಾಗ ಈಯ್ದ ಎಮ್ಮಿಗೆ ಸೈತ ಒಣಾ ಹುಲ್ಲ ಹಾಸ್ತೇವಿ ನೋಡ್ರಿ." ಆಮೇಲೆ ಹುಡುಗಿಗೆ, ಅದೇ ದಪ್ಪ ದನಿಯಲ್ಲಿ, "ಅಳಬ್ಯಾಡ ನಮ್ಮವ್ವ, ಮುಷ್ಟಿ ಹಿಡಿ. ಗಂಡ ಎಲ್ಲೆದಾನ? ಹೊರಗ ನಿಂತಾನೇನು?"

"ಪೂಜಾಕ್ಕ ಕೂತಾರ," ಅಂದಳು ಹುಡುಗಿ.

"ಕುಂದರ್ಲಿ ಬಿಡು. ಎಬ್ಬಿಸಿದ್ರ ಕಾಲ ಜುಂ ಹಿಡಿತಾವ."

ವಾರ್ಡಿನಲ್ಲಿ ಇಬ್ಬರು ಮೂವರು ಗೊಳ್ಳೆಂದು ನಕ್ಕರು. ಹುಡುಗಿಯೂ ನಕ್ಕಳು, ಸೂಜಿ ಚುಚ್ಚಿದ ಕೈಯಿಂದಲೇ ಬಾಯಿ ಮುಚ್ಚಿಕೊಳ್ಳಲು ಹೋಗಿ ಬೈಸಿಕೊಂಡಳು.

ಬಾಗೇವಾಡಿಯಿಂದ ಅವಳ ಅವ್ವ ಅಪ್ಪ ಬಂದರು. ಅವಳ ಅವ್ವ ಮಗಳ ಕಾಲು ಒತ್ತುತ್ತ, ಮೆಲ್ಲಗೆ ನನ್ನನ್ನು ಕೇಳಿದಳು: "ಬೀಗತ್ಯಾರು ಸಿಟ್ಟಾಗ್ಯಾರೇನ್ರಿ? ನೈವೇದ್ಯ ನಡುವ ಬಿಟ್ಟು ಬಂದಾಳ." ಮಗಳ ಜ್ವರಕ್ಕಿಂತ ಆ ಮಾತು ಅವಳಿಗೆ ದೊಡ್ಡದಾಗಿತ್ತು. ಹೆಣ್ಣು ಕೊಟ್ಟವರು ಹಾಗೆಯೇ.

ಮರುದಿನ ಬೇನೆ ಬಂದು ಕೂಸು ಹುಟ್ಟಿತು. ಗಂಡು. ಅಂಗೈಗಿಂತ ಸ್ವಲ್ಪ ದೊಡ್ಡದು, ಕೆಂಪಗೆ, ಮೈಯೆಲ್ಲ ಹೊಸ ಮಾವಿನೆಲೆಯ ಹಾಗೆ ತೆಳುವಾಗಿತ್ತು. ಅತ್ತಿತು, ಬೆಕ್ಕಿನ ಮರಿಯ ಹಾಗೆ ಒಂದೇ ಸಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನಾನು ಹೊರಗೆ ಬಂದು ಅವ್ವನಿಗೆ ಫೋನು ಹಚ್ಚಿದೆ.

"ಅವ್ವಾ..."

"ಏನೂ ಅನಬ್ಯಾಡ," ಅಂದಳು. "ಆತು ಅನಬ್ಯಾಡ, ಹೋತು ಅನಬ್ಯಾಡ. ಊಟ ಮಾಡಿದಿ? ಅಷ್ಟು ಹೇಳು."

"ತಮ್ಮಗ ಒಂದ್ ಸ್ವಲ್ಪ ಕೊಡು. ಇಲ್ಲಿ ಡಾಕ್ಟರು ತಂದಿನ್ನ ಕೇಳಲಿಕ್ಕ ಹತ್ಯಾರ."

"ಕೇಳ್ಲಿ," ಅಂದಳು. ಫೋನು ಇಟ್ಟಳು.

ಆಮೇಲೆ ನಾನು ಫೋನು ಮಾಡಿದಾಗೆಲ್ಲ ಆಕೆ ಎತ್ತುತ್ತಲೇ, "ಊಟ ಆತೇನು?" ಅನ್ನುತ್ತಿದ್ದಳು, ಬೇರೆ ಮಾತಿಗೆ ಬಾಯಿ ತೆಗೆದರೆ ಕಟ್ ಮಾಡುತ್ತಿದ್ದಳು. ಹುಡುಗಿ ಕೇಳುತ್ತಿದ್ದಳು: "ಏನಂದ್ರು?" ನಾನು, "ಪಾರಾಯಣ ನಡದದ," ಅನ್ನುತ್ತಿದ್ದೆ. ಅವಳು ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಅವಳ ಎದೆಯಲ್ಲಿ ಹಾಲು ಬಂದಿತ್ತು. ನರ್ಸಬಾಯಿ ಹೇಳಿಕೊಟ್ಟಂತೆ ಬಟ್ಟಲಿಗೆ ಹಿಂಡಿ, ನಾನು ಮುಚ್ಚಿಕೊಂಡು ಹೋಗಿ ಪೆಟ್ಟಿಗೆಯ ಕೋಣೆಗೆ ಕೊಟ್ಟು ಬರುತ್ತಿದ್ದೆ. ಅಲ್ಲಿ ಅದನ್ನು ಹನಿ ಹನಿಯಾಗಿ ನಳಿಕೆಯಲ್ಲಿ ಬಿಡುತ್ತಿದ್ದರು.

ಖಂಡೆ ಪೂಜೆಯ ದಿನ, ಅಂದರೆ ದಸರೆಯ ಹಿಂದಿನ ಆಯುಧ ಪೂಜೆಯ ದಿನ, ದವಾಖಾನೆಯ ಗಾಡಿಗಳಿಗೆ ಚೆಂಡುಹೂವಿನ ಮಾಲೆ ಹಾಕುತ್ತಿದ್ದರು. ನಾನು ಬಟ್ಟಲು ತೆಗೆದುಕೊಂಡು ಹೋದೆ. ಕೋಣೆಯ ಡಾಕ್ಟರು ಬಟ್ಟಲು ತೆಗೆದುಕೊಳ್ಳಲಿಲ್ಲ. ನಂಜು ಕೂಸಿನ ರಕ್ತಕ್ಕೆ ಏರಿತ್ತು, ಅಂದರು. ನಾನು ಅದೇ ಬಟ್ಟಲು ಹಿಡಿದು ವಾಪಸು ಬಂದೆ. ಬಟ್ಟಲು ನೋಡಿಯೇ ಅವಳಿಗೆ ಗೊತ್ತಾಯಿತು.

ಅವಳು ಅಳಲಿಲ್ಲ. "ಅವರಿಗೆ ಹೇಳಬ್ಯಾಡ್ರಿ ಅಕ್ಕಾ," ಅಂದಳು. "ಘಟ್ಟ ಕೆಡ್ತಾವ."

ಅವಳು ಅದನ್ನು ಸಿಟ್ಟಿನಿಂದ ಅಂದಳೋ, ಹೆದರಿ ಅಂದಳೋ, ನನಗೆ ಇವತ್ತಿಗೂ ತಿಳಿದಿಲ್ಲ. ಕೂಸನ್ನು ಅವಳ ಅಪ್ಪ ಬಿಳಿ ಬಟ್ಟೆಯಲ್ಲಿ ಸುತ್ತಿ ಬಾಗೇವಾಡಿಗೆ ಒಯ್ದು, ತಮ್ಮದೇ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ತಂದೆ ಮಣ್ಣು ಹಾಕಬೇಕಾಗಿತ್ತು. ತಂದೆಗೆ ಕೂಸು ಹುಟ್ಟಿದ್ದೇ ಗೊತ್ತಿರಲಿಲ್ಲ.

ದಸರೆಯ ದಿನ ಹುಡುಗಿಯ ಜ್ವರ ಇಳಿದಿತ್ತು. ಅವಳನ್ನು ಅವಳ ಅವ್ವನ ಹತ್ತಿರ ಬಿಟ್ಟು ನಾನು ಇಂಡಿಯ ಬಸ್ಸು ಹತ್ತಿದೆ. ಮನೆ ಮುಟ್ಟುವ ಹೊತ್ತಿಗೆ ಘಟ್ಟ ಎದ್ದಿದ್ದವು. ಓಣಿಯ ಮಂದಿ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣ ಅನ್ನುತ್ತಿದ್ದರು. ಅವ್ವ ಹೊರಗಿನ ಕಟ್ಟೆಯ ಮೇಲೆ ಹೊಸ ಸೀರೆ ಉಟ್ಟು ಕೂತಿದ್ದಳು, ಒಣಗಿದ್ದು. ಪಕ್ಕದಲ್ಲಿ ತಮ್ಮ. ನನ್ನನ್ನು ಒಳಗೆ ಬಿಡಲಿಲ್ಲ, ದವಾಖಾನೆಯ ಮೈಲಿಗೆ. ಕಟ್ಟೆಯ ಕೆಳಗೇ ನಿಂತೆ.

"ಈಗ ಹೇಳು," ಅಂದಳು ಅವ್ವ. "ಏನಾತು? ಗಂಡೋ ಹೆಣ್ಣೋ?"

"ಗಂಡು."

ಅವ್ವನ ಮುಖ ದೀಪದ ಹಾಗಾಯಿತು. ಹತ್ತಿ ಬೆಳೆದ ಹೊಲದ ಹಾಗೆ ನಕ್ಕಳು. "ನಾ ಹೇಳಿದ್ದಿಲ್ಲೇನು? ದೇವಿ ಘಟ್ಟ ಕಾಯ್ದಾಂವನ್ನ ಕೈ ಬಿಡ್ತಾಳೇನು? ಸಕ್ಕರಿ ತಾರೋ!"

ತಮ್ಮ ಓಡಿ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದ. ಅವನೂ ನಗುತ್ತಿದ್ದ. ಅವ್ವ ಒಂದು ಮುಷ್ಟಿ ಅವನ ಬಾಯಿಗೆ ಹಾಕಿದಳು, ಒಂದು ಚಿಟಿಕೆ ತನ್ನ ಬಾಯಿಗೆ ಹಾಕಿಕೊಂಡಳು. ದಾರಿಯಲ್ಲಿ ಹೋಗುತ್ತಿದ್ದವರಿಗೂ ಕೊಟ್ಟಳು. ನಾನು ಕಾದೆ. ಅವ್ವ, ತಮ್ಮ ಇಬ್ಬರೂ ಸಕ್ಕರೆ ನುಂಗಿದ್ದನ್ನು ನೋಡಿ ಉಳಿದದ್ದನ್ನು ಹೇಳಿದೆ.

"ನಿನ್ನೆ ಹೋತು."

ತಮ್ಮನ ತುಟಿಯ ಮೇಲೆ ಸಕ್ಕರೆಯ ಹರಳು ಹಾಗೇ ಇದ್ದವು. ಅವ್ವ ಬೆರಳು ಮಡಚತೊಡಗಿದಳು. ಹುಟ್ಟಿದ್ದು ಯಾವತ್ತು, ಹೋಗಿದ್ದು ಯಾವತ್ತು, ಕೇಳಿದ್ದು ಇವತ್ತು. "ಆಚಾರ್ಯರಿಗೆ ಫೋನ್ ಹಚ್ಚು," ಅಂದಳು.

ತಮ್ಮ ಹಚ್ಚಿದ. ಆಚಾರ್ಯರ ದನಿ ದೊಡ್ಡದು, ಕಟ್ಟೆಯ ಕೆಳಗಿದ್ದ ನನಗೂ ಕೇಳಿಸಿತು. "ಅಲ್ರೀ, ಮೊದಲ ಹೇಳಬಾರದೇನು? ಸಂಕಲ್ಪ ಆಗಿತ್ತಲ್ಲ, ಪೂಜಾ ನಾನೇ ಬಂದು ಮುಗಿಸಿ ಕೊಡ್ತಿದ್ದೆ. ಘಟ್ಟಕ್ಕ ಏನೂ ಆಗ್ತಿದ್ದಿಲ್ಲ. ನೀವು ಅಲ್ಲಿ ಇರಬೇಕಾದವರು." ತಮ್ಮ ಫೋನು ಇಟ್ಟ. ಅವ್ವನ ಮುಖ ನೋಡಲಿಲ್ಲ. ಬಾವಿಗೆ ಹೋಗಿ ಒಂದಾದ ಮೇಲೊಂದು ಕೊಡ ತಲೆಯ ಮೇಲೆ ಸುರುವಿಕೊಂಡ. ತೊಯ್ದ ಧೋತರದಲ್ಲೇ ಹಿತ್ತಲಿನ ಮೆಟ್ಟಿಲ ಮೇಲೆ ಕೂತ.

"ಎದ್ದು ಅರಿವಿ ಬದಲ್ಸೋ," ಅಂದಳು ಅವ್ವ ಒಳಗಿನಿಂದ. "ಥಂಡಿ ಹತ್ತೀತು."

ನಾನೂ ತಲೆಗೆ ನೀರು ಹಾಕಿಕೊಂಡೆ. ಹಗ್ಗದ ಮೇಲೆ ಹುಡುಗಿಯ ಮಡಿ ಸೀರೆ ನಾನು ಎಸೆದಂತೆಯೇ ಬಿದ್ದಿತ್ತು, ಒಣಗಿ ಹಲಗೆಯಂತಾಗಿತ್ತು. ಅದನ್ನು ಮಡಚುತ್ತಿದ್ದಾಗ ಅವಳದೇ ಫೋನು ಬಂತು. ಹೇಳಿದಿರಾ ಅಂತ ಕೇಳಲಿಲ್ಲ.

"ಅಕ್ಕಾ, ನಾಳೆ ಬಿಡ್ತಾರಂತ. ನಾ ಬಾಗೇವಾಡಿಗೆ ಹೋಗ್ತೀನಿ. ನನ್ನ ಸೀರಿ ಎರಡ ಅವ ಅಲ್ಲಿ, ಯಾರಿಗಾದ್ರೂ ಕೊಟ್ಟುಬಿಡ್ರಿ."

"ನಿನ್ನ ಗಂಡಗ ಕೊಡ್ಲೇನು ಫೋನು? ಇಲ್ಲೇ ಕೂತಾನ."

"ಬ್ಯಾಡ್ರಿ," ಅಂದಳು. "ಅವರ ಪಾಲಿನ ಗುಳಗಿ ಅವರು ತಗೊಂಡ ದಿನಾ ಬರ್ಲಿ, ಬಾಗೇವಾಡಿಗೆ. ಅಲ್ಲೀತನಕ ನನ್ನ ಸುದ್ದೀನೂ ಅವರ ಕಿವಿಗೆ ಹಾಕಬ್ಯಾಡ್ರಿ."

ತಮ್ಮ ಮೆಟ್ಟಿಲ ಮೇಲಿಂದ ಕೇಳಿಸಿಕೊಳ್ಳುತ್ತಿದ್ದ. ಕೈ ಚಾಚಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವ್ವ ಎಲೆ ಹಾಕಿದಳು. ಅನ್ನ, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ನೈವೇದ್ಯದ ಕಡಬು ಇದ್ದವು. ನನಗೆ ಕಟ್ಟೆಯ ಮೇಲೆ ಬೇರೆ ಎಲೆ. ತಮ್ಮ ಸಾರು ಅನ್ನ ಕಲಸಿ, ಎರಡು ತುತ್ತು ತಿಂದು ಎದ್ದ. ನಾನು ಅನ್ನ ಉಂಡೆ, ಕಡಬು ಮುಟ್ಟಲಿಲ್ಲ. ಅವ್ವ ಎರಡು ಕಡಬಿಗೆ ತುಪ್ಪ ಹಾಕಿಕೊಂಡು ತಿಂದಳು, ಈ ಸಲ ಹೂರಣ ಸ್ವಲ್ಪ ದಪ್ಪ ಉಳಿದದ ಅಂದಳು, ಕೈ ತೊಳೆದು ಅಡಿಕೆ ಹಾಕಿಕೊಂಡಳು. ನಾನು ನನ್ನ ಎಲೆ ತೆಗೆದು ಉಂಡ ಜಾಗಕ್ಕೆ ಸೆಗಣಿಯ ಗೋಮೆ ಹಚ್ಚುವಷ್ಟರಲ್ಲಿ ಅವಳ ಗೊರಕೆ ಕೇಳಿಸಿತು. ಎಲ್ಲರಿಗಿಂತ ಮೊದಲು ಅವ್ವ ಮಲಗಿದಳು.